ಮ್ಯೂನಿಯೇಯ ಶಿಲ್ಪದಲ್ಲಿ ಶ್ರಮ

ಶಿಲ್ಪಿ ಕಾನ್‌ಸ್ಟಾಂಟಿನ್ ಮ್ಯೂನಿಯೇ (1831–1905) ತನ್ನ ಕೊನೆಗಾಲವನ್ನು ಕಳೆದ ಮನೆ ಬ್ರಸೆಲ್ಸ್ ನಗರದ ಇಕ್ಸೆಲ್ ಭಾಗದಲ್ಲಿದೆ. ಬೆಲ್ಜಿಯಂ ಸರ್ಕಾರವು ಅದನ್ನು 1936ರಲ್ಲಿ ಕೊಂಡು, 1939ರಲ್ಲಿ ಕಲಾಸಂಗ್ರಹಾಲಯವಾಗಿ ತೆರೆಯಿತು. ಗಣಿ, ಕುಲುಮೆ, ಬಂದರುಗಳ ಆಳುಗಳೇ ಆತನ ಕೃತಿಗಳ ನಾಯಕರು. ಆದುದರಿಂದ ಆತನನ್ನು ದುಡಿಮೆಯ ಶಿಲ್ಪಿಯೆಂದು ಕೊಂಡಾಡುವುದು ವಾಡಿಕೆ. ಆದರೆ ಆತನ ಉತ್ತಮ ವಿಗ್ರಹಗಳಲ್ಲಿ ದುಡಿಯುತ್ತಿರುವವರು ಯಾರು? ಸುತ್ತಿಗೆಯಾಳು ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದಾನೆ. ಕರಗಿದ ಕಬ್ಬಿಣವನ್ನು ಕದಡಿ ಹದಮಾಡುವ ‘ಪಡ್ಲರ್’ ಕುಳಿತೇಬಿಟ್ಟಿದ್ದಾನೆ; ಮೈ ಕುಸಿದಿದೆ, ತೋಳು ಭಾರವಾಗಿದೆ. ಕುಲುಮೆಯನ್ನು ತೋರಿಸಿಲ್ಲ, ಅದರ ಕಾವೆಲ್ಲ ಆ ಮೈಯಲ್ಲಿದೆ. ಭರತನು ಶ್ರಮವನ್ನು ವ್ಯಭಿಚಾರಿಭಾವಗಳಲ್ಲಿ ಎಣಿಸಿದ್ದಾನಷ್ಟೆ. ಲಾಕ್ಷಣಿಕರು ಒಪ್ಪಲಿ ಬಿಡಲಿ, ಇಲ್ಲಿ ಅದು ಬಂದುಹೋಗುವ ಭಾವವಲ್ಲ, ಸ್ಥಾಯಿಯಾಗಿಯೇ ನಿಂತಿದೆ.

1887ರಲ್ಲಿ ಬೋರಿನಾಜ್ ಪ್ರಾಂತದ ಕಲ್ಲಿದ್ದಲ ಗಣಿಯೊಂದರಲ್ಲಿ ಅನಿಲವು ಸ್ಫೋಟಗೊಂಡು ನೂರಕ್ಕೂ ಮಿಕ್ಕ ಜನ ಸತ್ತರು. ಆ ದುರಂತದಿಂದ ಹುಟ್ಟಿದ ಶಿಲ್ಪವು ಆ ಅನಿಲದ ಹೆಸರನ್ನೇ ಹೊತ್ತ ‘ಗ್ರಿಸೂ’. ಮಗನ ಬೆತ್ತಲೆ ಹೆಣದ ಮೇಲೆ ತಾಯಿ ಬಾಗಿದ್ದಾಳೆ. ಗೋಳಾಟವಿಲ್ಲ, ಇವನು ತನ್ನವನೇ ಎಂದು ಗುರುತಿಸಿದ ಕ್ಷಣದ ಸ್ತಬ್ಧತೆ ಮಾತ್ರ ಇದೆ.

ಇವುಗಳೊಡನೆ ಹೋಲಿಸಿದರೆ, ಶಿಲ್ಪಿಯು ತೀರಿದ 25 ವರ್ಷಗಳ ಮೇಲೆ, 1930ರಲ್ಲಿ, ಲಾಕೆನ್‌ನಲ್ಲಿ ನಿಲ್ಲಿಸಿದ ‘ದುಡಿಮೆಯ ಸ್ಮಾರಕ’ವು ಸಪ್ಪೆಯೆಂದೇ ಹೇಳಬೇಕು. ಕೈಗಾರಿಕೆ, ಗಣಿ, ಸುಗ್ಗಿ, ಬಂದರು ಎಂಬ ಅದರ ಉಬ್ಬುಚಿತ್ರಗಳಲ್ಲಿ ಕೆಲಸದ ರಭಸವೇ ಮುಂದಾಗಿ, ಒಬ್ಬೊಬ್ಬನ ದಣಿವು ಗುಂಪಿನಲ್ಲಿ ಕರಗಿಹೋಗುತ್ತದೆ. ಸ್ಮಾರಕಕ್ಕೆ ತಕ್ಕುದು ಅದೇ ಎಂದು ವಾದಿಸಬಹುದು. ಆದರೆ ಆ ವಾದದ ಬಲದಿಂದ ಅದು ಪಡ್ಲರನ ಮುಂದೆ ಹಿರಿದಾಗಲಾರದು.