ನೀರು ಆರಲಿ, ಆಮೇಲೆ ಚೀಸ್

ಬಾಣಲೆಗೆ ಕೈಮಾ ಹಾಕಿದ ಮೇಲೆ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಮೊದಲ ಐದಾರು ನಿಮಿಷ ಅದು ನೀರು ಬಿಡುತ್ತಾ ಗೊಳಗೊಳ ಕುದಿಯುತ್ತದೆ. ಬಣ್ಣ ಬೂದಿಬೂದಿ, ವಾಸನೆ ಹಸಿಹಸಿ. ಉರಿ ತಗ್ಗಿಸದೆ ಹಾಗೇ ಬಿಟ್ಟರೆ ಗೊಳಗೊಳ ಸಣ್ಣಗಾಗುತ್ತಾ ಬಂದು, ಒಂದು ಗಳಿಗೆಯಲ್ಲಿ ಚುರ್ ಎನ್ನತೊಡಗುತ್ತದೆ. ನೀರು ಆರಿತು, ಇನ್ನು ಮಾಂಸ ತನ್ನ ಕೊಬ್ಬಿನಲ್ಲೇ ಹುರಿಯುತ್ತಿದೆ ಎಂದರ್ಥ. ಚೀಸ್ ಹಾಕಿದ ಬೀಫ್ ರ‍್ಯಾಪ್ ಚೆನ್ನಾಗಿ ಬರುವುದೂ ಕೆಡುವುದೂ ಆ ಸದ್ದಿಗೆ ಕಾಯುವ ಎರಡು ಮೂರು ನಿಮಿಷದಲ್ಲಿ. ನೀರಿರುವಷ್ಟು ಹೊತ್ತು ಮಾಂಸದ ಬಿಸಿ 100 ಡಿಗ್ರಿ ದಾಟದು. ಕೈಮಾ ಕಂದಿ, ಬಾಯಲ್ಲಿ ನೀರೂರಿಸುವ ಆ ಘಮ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಗೊಳಗೊಳ ಸದ್ದಿರುವಾಗಲೇ ಮಸಾಲೆ ಸುರಿದವರ ಮನೆಯಲ್ಲಿ ರ‍್ಯಾಪ್‌ನ ತಳ ತಟ್ಟೆಗೆ ಅಂಟಿಕೊಂಡು ಹರಿಯುತ್ತದೆ. ನಮ್ಮ ಮನೆಯಲ್ಲೂ ಬಹಳ ದಿನ ಹಾಗೇ ಆಗುತ್ತಿತ್ತು.

ನಾನಿರುವುದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಈ ತಿಂಡಿಯ ತವರು ಇದೇ ಸೀಮೆ ಎಂದರೆ ತಪ್ಪಾಗದು. ಮೆಣಸಿನಕಾಯಿ, ಟೊಮ್ಯಾಟೊ, ಮುಸುಕಿನ ಜೋಳ ಈ ಖಂಡದವು. ದನ, ಗೋಧಿ, ಚೀಸ್, ಜೀರಿಗೆ ಸ್ಪೇನಿನವರ ಹಿಂದೆ ಬಂದವು. 1493ರಲ್ಲಿ, ತನ್ನ ಎರಡನೇ ಯಾನದಲ್ಲಿ, ಕೊಲಂಬಸ್ ದನಗಳನ್ನು ಹಡಗಿಗೆ ಹತ್ತಿಸಿಕೊಂಡು ಬಂದ. ಮೆಕ್ಸಿಕೊದ ಉತ್ತರ ಭಾಗದಲ್ಲಿ, ಅದರಲ್ಲೂ ಸೊನೊರಾದಲ್ಲಿ, ಗೋಧಿ ಚೆನ್ನಾಗಿ ಬಂತು. ದಕ್ಷಿಣದವರು ಮುಸುಕಿನ ಜೋಳದ ಟಾರ್ಟಿಯಾ ತಟ್ಟುತ್ತಿದ್ದರೆ ಉತ್ತರದವರು ಗೋಧಿ ಹಿಟ್ಟಿನದನ್ನು ತೆಳ್ಳಗೆ, ಅಗಲಕ್ಕೆ ಮಾಡಿ ಅದರಲ್ಲಿ ಮಾಂಸ ಸುತ್ತಿ ತಿಂದರು. ಗಡಿಯ ಈಚೆಗೆ ಬಂದಾಗ ಅದಕ್ಕೆ ಹಳದಿ ಚೀಸ್, ಬೀಫ್ ಕೈಮಾ, ಕೈತುಂಬ ಜೀರಿಗೆ ಸೇರಿಕೊಂಡು ಟೆಕ್ಸ್-ಮೆಕ್ಸ್ ಅಡುಗೆಯಾಯಿತು. 1972ರಲ್ಲಿ ಡಯಾನಾ ಕೆನಡಿ ತಮ್ಮ ಹೆಸರಾಂತ ಮೆಕ್ಸಿಕನ್ ಅಡುಗೆ ಪುಸ್ತಕದಲ್ಲಿ ಮೆಕ್ಸಿಕೊದ ಒಳನಾಡಿನ ಅಡುಗೆಯೇ ಬೇರೆ, ಗಡಿಯೀಚೆಯದೇ ಬೇರೆ ಎಂದು ಗೆರೆ ಎಳೆದರು. ಆ ಮೇಲೆ ಟೆಕ್ಸ್-ಮೆಕ್ಸ್ ಅಂದರೆ ನಕಲಿ ಎಂದು ಮೂಗು ಮುರಿಯುವವರು ಹೆಚ್ಚಾದರು. ನನಗೆ ಅದು ಒಪ್ಪಿಗೆಯಿಲ್ಲ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂತೆಂದು ಬ್ಯಾಡಗಿ ಹಾಕಿದ ನಮ್ಮ ಸಾರನ್ನು ನಕಲಿ ಎನ್ನಲಾದೀತೇ? ತಲೆಮಾರುಗಳಿಂದ ಮನೆಮನೆಯಲ್ಲಿ ಬೇಯುತ್ತಿರುವುದು ಆ ಮನೆಯವರ ಅಡುಗೆಯೇ.

ಮಾಂಸದ ಮಾತಿಗೆ ಬರುತ್ತೇನೆ. ಇಲ್ಲಿ ಕೈಮಾ ಪೊಟ್ಟಣದ ಮೇಲೆ 80/20, 85/15 ಎಂದು ಬರೆದಿರುತ್ತದೆ. ಎರಡನೆಯ ಅಂಕಿ ಕೊಬ್ಬಿನ ಪಾಲು. ರ‍್ಯಾಪ್‌ಗೆ 85/15 ಸರಿ. ಅದಕ್ಕಿಂತ ಕಡಿಮೆ ಕೊಬ್ಬಾದರೆ ಮಾಂಸ ಮರಳಿನಂತೆ ಉದುರುತ್ತದೆ, ಹೆಚ್ಚಾದರೆ ಜಿಡ್ಡು ಬಸಿದು ಚೆಲ್ಲಬೇಕು.

ಹೋದ ವರ್ಷ ಅಮ್ಮ ಮೈಸೂರಿನಿಂದ ಬಂದಿದ್ದರು. ನಾನು ಪೊಟ್ಟಣ ಕತ್ತರಿಸಿ ನೇರ ಬಾಣಲೆಗೆ ಹಾಕಲು ಹೋದದ್ದನ್ನು ನೋಡಿ ಹೌಹಾರಿದರು. "ಅಲ್ಲ ಕಣೋ, ತೊಳೀದೇ ಇರೋ ಮಾಂಸಾನ ಮಕ್ಕಳಿಗೆ ಹೆಂಗೆ ಹಾಕ್ತೀಯ?" ನಮ್ಮ ಕಡೆ ಮಾಂಸ ತೊಳೆಯದ ಮನೆಯೇ ಇಲ್ಲ. ಜರಡಿಯಲ್ಲಿ ಕೈಮಾ ಹಾಕಿ ಮೂರು ನೀರಿನಲ್ಲಿ ತೊಳೆದುಕೊಟ್ಟರು. ಅವತ್ತು ಬಾಣಲೆ ಕಾಲು ಗಂಟೆಯಾದರೂ ಗೊಳಗೊಳ ಎನ್ನುತ್ತಲೇ ಇತ್ತು. ರುಚಿಯೆಲ್ಲ ಜರಡಿಯಲ್ಲೇ ಸೋರಿಹೋಗಿತ್ತು. ಕೈಮಾ ತೊಳೆದರೆ ಶುದ್ಧವಾಗುವುದೂ ಇಲ್ಲ. ಇಡೀ ತುಂಡಿನ ಮೈಮೇಲಷ್ಟೇ ಇರುವ ರೋಗಾಣು, ಅರೆದಾಗ ಒಳಗೆಲ್ಲ ಬೆರೆತುಹೋಗಿರುತ್ತದೆ. ಅದಕ್ಕೆ ಬೆಂಕಿಯೇ ಮದ್ದು. ಅರೆದ ಬೀಫ್ 71 ಡಿಗ್ರಿಯವರೆಗೆ ಬೇಯಲೇಬೇಕು ಎಂಬುದು ಇಲ್ಲಿನ ಸರ್ಕಾರದ ಸೂಚನೆ. ಚುರ್ ಎನ್ನುವವರೆಗೆ ಹುರಿದ ಕೈಮಾ ಆ ಗಡಿಯನ್ನು ಎಂದೋ ದಾಟಿರುತ್ತದೆ.

ಅಮ್ಮನ ಮನಸ್ಸು ಮಾತ್ರ ಒಪ್ಪಲಿಲ್ಲ. ಅವರೇ ದಾರಿ ತೋರಿಸಿದರು: "ಇಡೀ ತುಂಡು ತಾ, ತೊಳೆದು ಒರೆಸಿ ಮನೇಲೇ ಅರೀ." ಅಂದಿನಿಂದ ನಾನು ದನದ ಭುಜದ ಭಾಗದ ಒಂದೇ ತುಂಡು ತರುತ್ತೇನೆ. ತೊಳೆದು, ಒಣ ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ, ಹೆಚ್ಚಿ, ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಯಂತ್ರದಲ್ಲಿ ದಪ್ಪಗೆ ಒಂದೇ ಸಲ ಅರೆಯುತ್ತೇನೆ. ತೊಟ್ಟಿ, ಹಲಗೆ, ಚಾಕುವನ್ನು ಆಮೇಲೆ ಸೋಪಿನಲ್ಲಿ ತಿಕ್ಕುವುದು ತಪ್ಪಿಸಬಾರದು. ಅಂಗಡಿಯ ಕೈಮಾಕ್ಕೂ ಇದಕ್ಕೂ ಇರುವ ಅಂತರ ಹುರಿಗಡಲೆ ಪುಡಿಗೂ ಹುರಿಗಡಲೆಗೂ ಇರುವಷ್ಟು: ಹಲ್ಲಿಗೆ ಸಿಗುತ್ತದೆ.

450 ಗ್ರಾಂ ಕೈಮಾವನ್ನು ಕಾದ ದಪ್ಪ ಬಾಣಲೆಯಲ್ಲಿ ಹರಡಿ, ಎರಡು ನಿಮಿಷ ಮುಟ್ಟಬೇಡಿ. ಆಮೇಲೆ ಮಗುಚುವ ಕೈಯಿಂದ ಒಡೆಯಿರಿ. ಉಪ್ಪು ಈಗಲೇ ಬೇಡ, ಮಾಂಸ ಇನ್ನಷ್ಟು ನೀರು ಬಿಡುತ್ತದೆ. ಸದ್ದು ಬದಲಾದ ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ನಾಲ್ಕೆಸಳು ಬೆಳ್ಳುಳ್ಳಿ, ಹುರಿದು ಪುಡಿಮಾಡಿದ ಜೀರಿಗೆ ಒಂದೂವರೆ ಚಮಚ, ಗಟ್ಟಿ ಟೊಮ್ಯಾಟೊ ಪೇಸ್ಟ್ ಒಂದು ಚಮಚ, ಉಪ್ಪು. ಹಸಿ ಟೊಮ್ಯಾಟೊ ಹಾಕಿದರೆ ಕಳೆದ ನೀರನ್ನು ಮತ್ತೆ ತಂದು ಸುರಿದಂತೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅಮೆರಿಕದ ಪಾಕವಿಧಾನದಲ್ಲಿ ಚಿಲಿ ಪೌಡರ್ ಎರಡು ದೊಡ್ಡ ಚಮಚ ಎಂದಿದ್ದರೆ ಅದು ನಮ್ಮ ಖಾರದ ಪುಡಿಯಲ್ಲ. ಒಣಮೆಣಸಿಗೆ ಜೀರಿಗೆ, ಆರೆಗಾನೊ, ಬೆಳ್ಳುಳ್ಳಿ ಬೆರೆಸಿದ ಮಸಾಲೆ ಪುಡಿ ಅದು. 1890ರ ದಶಕದಲ್ಲಿ ನಮ್ಮೂರಿನ ಪಕ್ಕದ ನ್ಯೂ ಬ್ರಾನ್‌ಫೆಲ್ಸ್‌ನಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಇಂಥದ್ದೊಂದನ್ನು ಮಾರಾಟಕ್ಕೆ ತಂದ. ಎರಡು ಚಮಚ ಗುಂಟೂರು ಪುಡಿ ಸುರಿದು ಮಕ್ಕಳ ಕಣ್ಣಲ್ಲಿ ನೀರು ಬರಿಸಿದ ಕನ್ನಡದ ಮನೆಗಳು ನನಗೆ ಗೊತ್ತು. ಬ್ಯಾಡಗಿ ಪುಡಿ ಒಂದು ದೊಡ್ಡ ಚಮಚ ಹಾಕಿ. ಖಾರ ಮಿತವಾಗಿದ್ದು, ಬಣ್ಣ ಗಾಢ. ಇಲ್ಲಿನ ಆಂಚೊ ಮೆಣಸಿಗೆ ನಮ್ಮಲ್ಲಿ ಹತ್ತಿರದ ನೆಂಟ ಅದೇ. ಆರೆಗಾನೊ ಸಿಗದಿದ್ದರೆ ಒಂದು ದೊಡ್ಡಪತ್ರೆ ಎಲೆ ಸಣ್ಣಗೆ ಹೆಚ್ಚಿ ಹಾಕಿ. ಇಲ್ಲಿ ಕೆಲವರು ಅದನ್ನು ಕ್ಯೂಬನ್ ಆರೆಗಾನೊ ಎಂದೇ ಕರೆಯುತ್ತಾರೆ.

ಇನ್ನು ಚೀಸ್. ತುರಿದು ಪೊಟ್ಟಣ ಕಟ್ಟಿದ್ದನ್ನು ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ತುರಿ ಒಂದಕ್ಕೊಂದು ಅಂಟದಿರಲೆಂದು ಅದಕ್ಕೆ ಆಲೂಗಡ್ಡೆ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ. ಒಲೆಯ ಮೇಲೆ ಅದು ನಯವಾಗಿ ಹರಿಯುವುದಿಲ್ಲ, ತರಿತರಿಯಾಗುತ್ತದೆ. ಇಡೀ ಗಟ್ಟಿ ತಂದು ಆಗಲೇ ತುರಿಯಿರಿ, 200 ಗ್ರಾಂ ಸಾಕು. ನಾನು ಅರ್ಧ ಮಾಂಟೆರೆ ಜ್ಯಾಕ್, ಅರ್ಧ ಎಳೆಯ ಚೆಡ್ಡಾರ್ ತೆಗೆದುಕೊಳ್ಳುತ್ತೇನೆ. ಜ್ಯಾಕ್ ಕರಗಲಿಕ್ಕೆ, ಚೆಡ್ಡಾರ್ ರುಚಿಗೆ. ವರ್ಷಗಟ್ಟಲೆ ಮಾಗಿಸಿದ ಚೆಡ್ಡಾರ್ ತಿನ್ನಲು ಸೊಗಸು, ಕರಗಿಸಿದರೆ ಎಣ್ಣೆ ಬಿಟ್ಟು ಒಡೆಯುತ್ತದೆ. ಮಾಗುತ್ತಾ ಅದರ ಪ್ರೋಟೀನಿನ ಜಾಲ ಮುರಿದಿರುವುದರಿಂದ ಕೊಬ್ಬನ್ನು ಹಿಡಿದಿಡಲು ಆಗುವುದಿಲ್ಲ. ಪನೀರ್ ಹಾಕಬಹುದೇ ಎಂದು ಓದುಗರೊಬ್ಬರು ಕೇಳಿದ್ದರು. ಪನೀರ್ ಎಷ್ಟು ಕಾಯಿಸಿದರೂ ಕರಗದು. ಹುಳಿ ಹಿಂಡಿ ಹಾಲು ಒಡೆದಾಗ ಪ್ರೋಟೀನ್ ಕಣಗಳನ್ನು ಸಡಿಲವಾಗಿ ಜೋಡಿಸಿದ್ದ ಕ್ಯಾಲ್ಸಿಯಂ ಹೊರಟುಹೋಗಿ ಅವು ಒಂದಕ್ಕೊಂದು ಬಿಗಿಯಾಗಿ ಅಪ್ಪಿಕೊಳ್ಳುತ್ತವೆ. ಊರಲ್ಲಿರುವವರು ಮೊಝರೆಲ್ಲಾ ಜೊತೆಗೆ ಅಮುಲ್‌ನ ಸಂಸ್ಕರಿಸಿದ ಚೀಸ್ ಬೆರೆಸಲಿ. ಸಂಸ್ಕರಿಸಿದ ಚೀಸ್ ಒಡೆಯುವುದಿಲ್ಲ, ಅದರಲ್ಲಿರುವ ಲವಣಗಳು ಕೊಬ್ಬನ್ನೂ ನೀರನ್ನೂ ಕೂಡಿಸಿಡುತ್ತವೆ.

ಟಾರ್ಟಿಯಾ ಅಂಗಡಿಯದ್ದಾದರೂ ಆದೀತು. ಮನೆಯಲ್ಲೇ ಮಾಡುವುದಾದರೆ ಮೈದಾ 300 ಗ್ರಾಂ, ಬೆಣ್ಣೆ 60 ಗ್ರಾಂ, ಒಂದು ಚಮಚ ಉಪ್ಪು, ಬಿಸಿನೀರು ಸುಮಾರು 165 ಮಿಲಿಲೀಟರ್. ಬೆಣ್ಣೆಯನ್ನು ಹಿಟ್ಟಿಗೆ ಮೊದಲೇ ಉಜ್ಜಿ, ನೀರು ಹಾಕಿ ನಾದಿ, ಅರ್ಧ ಗಂಟೆ ಮುಚ್ಚಿಡಿ. ಎಂಟು ಉಂಡೆ. ಚಪಾತಿಗಿಂತ ತೆಳ್ಳಗೆ ಲಟ್ಟಿಸಿ, ಕಾದ ಹಂಚಿನಲ್ಲಿ ಒಂದೊಂದು ಮಗ್ಗುಲಿಗೆ ಅರ್ಧ ನಿಮಿಷ. ಬೆಂದದ್ದನ್ನು ಬಟ್ಟೆಯಲ್ಲಿ ಸುತ್ತಿಡದಿದ್ದರೆ ಒಣಗಿ, ಮಡಿಸುವಾಗ ಸೀಳುತ್ತದೆ. ಚಪಾತಿಯಲ್ಲೇ ಸುತ್ತಿದರೆ ಏನು ಎಂದರೆ, ಗೋಧಿ ತೌಡು ಹಿಟ್ಟಿನ ಜಿಗುಟನ್ನು ಕಡಿಯುತ್ತದೆ. ಬಿಸಿ ಚೀಸಿನ ಭಾರಕ್ಕೆ ಚಪಾತಿ ಬೇಗ ಹರಿಯುತ್ತದೆ.

ಸುತ್ತುವಾಗ ಮೊದಲು ಚೀಸ್, ಅದರ ಮೇಲೆ ಕೈಮಾ, ಮತ್ತೆ ಚೀಸ್. ಕೆಳಗಿನ ಚೀಸ್ ಕರಗಿ ಟಾರ್ಟಿಯಾಕ್ಕೆ ಮೇಣ ಸವರಿದಂತಾಗುತ್ತದೆ, ಮಾಂಸದ ಜಿಡ್ಡು ಇಳಿಯುವುದಿಲ್ಲ. ಪಕ್ಕದ ಅಂಚುಗಳನ್ನು ಒಳಕ್ಕೆ ಮಡಿಸಿ ಬಿಗಿಯಾಗಿ ಸುರುಳಿ ಸುತ್ತಿ, ಅಂಚು ಕೊನೆಯಾಗುವ ಮಗ್ಗುಲನ್ನೇ ಮೊದಲು ಹಂಚಿಗೆ ತಾಗಿಸಿ. ಚೀಸ್ ಅದನ್ನು ಅಂಟಿಸಿಬಿಡುತ್ತದೆ. ಸಣ್ಣ ಉರಿ, ಎರಡೂ ಕಡೆ ಹೊಂಬಣ್ಣ. ನಡುವೆ ಟೋಸ್ಟಾಡಾ, ಅಂದರೆ ಗರಿಗರಿಯಾಗಿ ಕರಿದ ಟಾರ್ಟಿಯಾ, ಇಟ್ಟು ಆರು ಮಡಿಕೆ ಮಾಡುವ ಷಟ್ಕೋನದ ರೂಪ 2005ರಲ್ಲಿ ಟಾಕೊ ಬೆಲ್‌ನಿಂದ ಹೆಸರಾಯಿತು. ಮಕ್ಕಳಿಗೆ ಇಷ್ಟ, ಆದರೆ ಅದಕ್ಕೆ 30 ಸೆಂಟಿಮೀಟರಿನ ಟಾರ್ಟಿಯಾ ಬೇಕು. ಲೆಟ್ಯೂಸ್, ಹಸಿ ಟೊಮ್ಯಾಟೊ, ಮೊಸರು ಏನಿದ್ದರೂ ಪಕ್ಕದಲ್ಲಿರಲಿ. ಒಳಗಿಟ್ಟು ಬಿಸಿ ಮಾಡಬೇಡಿ.

ಕರ್ನಾಟಕದ ಓದುಗರಿಗೆ ಒಂದು ಮಾತು. 2021ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಅಲ್ಲಿ ಹಸು, ಎತ್ತು, ಹೋರಿಗಳನ್ನು ಕಡಿಯುವಂತಿಲ್ಲ. 13 ವರ್ಷ ಮೀರಿದ ಎಮ್ಮೆ, ಕೋಣಕ್ಕಷ್ಟೇ ಅವಕಾಶ. ಆ ಮಾಂಸದಲ್ಲಿ ಕೊಬ್ಬು ಕಡಿಮೆ, ನಾರು ಗಟ್ಟಿ. ಅದನ್ನು ಎರಡು ಸಲ ಅರೆಸಿ, ನೀರು ಆರಿದ ಮೇಲೆ ಎರಡು ಚಮಚ ಬೆಣ್ಣೆ ಹಾಕಿ ಹುರಿಯಿರಿ. ಬೀಫ್ ತಿನ್ನದ ಮನೆಗಳಲ್ಲಿ ಕುರಿ ಕೈಮಾ ಇದೇ ಕ್ರಮದಲ್ಲಿ ಚೆನ್ನಾಗಿ ಆಗುತ್ತದೆ, ಜೀರಿಗೆ ಸ್ವಲ್ಪ ಕಡಿಮೆ ಮಾಡಿ.

ಈ ಅಳತೆಗೆ ಎಂಟು ರ‍್ಯಾಪ್ ಆಗುತ್ತವೆ, ನಾಲ್ವರಿಗೆ ಸರಿ. ಹಂಚಿನಿಂದ ಇಳಿಸಿ ಎರಡು ನಿಮಿಷ ಬಿಟ್ಟು ಕತ್ತರಿಸಿ, ಚೀಸ್ ಅಷ್ಟರಲ್ಲಿ ಹದಕ್ಕೆ ಬಂದಿರುತ್ತದೆ.