ಬೃಹತ್ ಮುದ್ರಣಚಿತ್ರಗಳು ಮತ್ತು ಚೌಕಟ್ಟಿನ ಪ್ರಶ್ನೆ

ಚಿತ್ರವಿಮರ್ಶೆಯಲ್ಲಿ ರೇಖೆ, ವರ್ಣ, ಸಂಯೋಜನೆಗಳಿಗೆ ದೊರೆಯುವ ಗಮನ ಚಿತ್ರವನ್ನು ಹೊತ್ತ ಕಾಗದಕ್ಕೆ ದೊರೆಯುವುದಿಲ್ಲ. ಅದನ್ನು ಯಾವುದಕ್ಕೆ ಅಂಟಿಸಿದರು, ಹೇಗೆ ತೂಗುಹಾಕಿದರು, ಯಾವುದರಿಂದ ಕಾಪಾಡಿದರು ಎಂಬ ವಿಚಾರಗಳು ಕುಶಲಕರ್ಮಿಗೆ ಸೇರಿದವೆಂದು ಕೈಬಿಡುವುದು ವಾಡಿಕೆ. ಗೋಡೆಯ ಅಳತೆಯ ಮುದ್ರಣಚಿತ್ರಗಳ ವಿಷಯದಲ್ಲಿ ಈ ವಿಭಜನೆ ನಿಲ್ಲುವಂತಿಲ್ಲ. ಅಲ್ಲಿ ಕೃತಿಯ ಅರ್ಥವೂ ಆಯುಷ್ಯವೂ ಅದನ್ನು ಪ್ರದರ್ಶಿಸುವ ಕ್ರಮದೊಡನೆ ಹೆಣೆದುಕೊಂಡಿವೆ. ಇದನ್ನು ಕೆಲವು ನಿದರ್ಶನಗಳಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಚಕ್ರವರ್ತಿ ಮೊದಲನೆಯ ಮ್ಯಾಕ್ಸಿಮಿಲಿಯನ್ನನಿಗಾಗಿ ಆಲ್ಬ್ರೆಕ್ಟ್ ಡ್ಯೂರರನೂ ಅವನ ಸಂಗಡಿಗರೂ ರಚಿಸಿದ ‘ವಿಜಯತೋರಣ’ ಮೊದಲ ನಿದರ್ಶನ. 1515ರ ವರ್ಷವನ್ನು ಹೊತ್ತಿರುವ ಈ ಕೃತಿಗೆ 190ಕ್ಕೂ ಹೆಚ್ಚು ಮರದ ಅಚ್ಚುಗಳು, 36 ದೊಡ್ಡ ಹಾಳೆಗಳು ಬೇಕಾದುವು. ಹಾಳೆಗಳನ್ನು ಜೋಡಿಸಿದಾಗ ಚಿತ್ರದ ಎತ್ತರ ಸುಮಾರು 3.5 ಮೀಟರ್, ಅಗಲ ಸುಮಾರು 3 ಮೀಟರ್. ರೋಮನ್ನರು ಕಲ್ಲಿನಲ್ಲಿ ಕಟ್ಟಿದುದನ್ನು ಈ ಅರಸ ಕಾಗದದಲ್ಲಿ ಕಟ್ಟಿಸಿದ. ಕಲ್ಲಿನ ತೋರಣ ಒಂದೆಡೆ ಮಾತ್ರ ನಿಂತೀತು. ಕಾಗದದ ತೋರಣ ಹಲವು ಊರುಗಳ ಭವನಗಳಲ್ಲಿ ಏಕಕಾಲಕ್ಕೆ ನಿಲ್ಲಬಲ್ಲುದು. ಅದಕ್ಕೆ ಕಟ್ಟು ಹಾಕುವುದೆಂದರೆ ವಾಸ್ತುವನ್ನು ಪಟವಾಗಿ ಕುಗ್ಗಿಸಿದಂತೆ. ತೋರಣವು ಗೋಡೆಯೊಡನೆ ನೇರವಾಗಿ ಬೆರೆತರೇನೇ ಅದರ ಉದ್ದೇಶ ಸಾರ್ಥಕ.

ಆದರೆ ಈ ಸಾರ್ಥಕತೆಗೆ ತೆರಬೇಕಾದ ಬೆಲೆ ದೊಡ್ಡದು. ಅಷ್ಟು ವಿಸ್ತಾರವಾದ ಗಾಜು ಆ ಕಾಲದಲ್ಲಿ ದೊರೆಯುತ್ತಿರಲಿಲ್ಲ. ಹಾಳೆಗಳನ್ನು ಬಟ್ಟೆಗೋ ಗೋಡೆಗೋ ಅಂಟಿಸಿ ತೆರೆದಿಡುತ್ತಿದ್ದರು. ಹೊಗೆ, ತೇವ, ಕೀಟ, ಬೆಳಕುಗಳು ತಮ್ಮ ಕೆಲಸ ಮಾಡಿದುವು. ಮಾರ್ಟಿನ್ ವಾಲ್ಡ್‌ಸೀಮ್ಯುಲರನ 1507ರ ಭೂಪಟದ ಚರಿತ್ರೆ ಇದಕ್ಕೆ ಸಾಕ್ಷಿ. ‘ಅಮೆರಿಕ’ ಎಂಬ ಹೆಸರನ್ನು ಮೊದಲು ಹೊತ್ತ ಈ ಪಟ 12 ಹಾಳೆಗಳದು. ಇಂದು ಉಳಿದಿರುವುದು ಒಂದೇ ಪ್ರತಿ. ಅದೂ ಗೋಡೆಯ ಮೇಲೆ ಉಳಿದುದಲ್ಲ. ಯೋಹಾನೆಸ್ ಷೋನರ್ ಎಂಬ ವಿದ್ವಾಂಸ ಹಾಳೆಗಳನ್ನು ಬಿಡಿಬಿಡಿಯಾಗಿ ಒಂದು ಸಂಪುಟದಲ್ಲಿ ಕಟ್ಟಿಸಿಟ್ಟುದರಿಂದ ಉಳಿದುದು. 1901ರಲ್ಲಿ ವೊಲ್ಫೆಗ್ ಕೋಟೆಮನೆಯಲ್ಲಿ ಅದು ಪತ್ತೆಯಾಯಿತು. 2003ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಒಂದು ಕೋಟಿ ಡಾಲರಿಗೆ ಕೊಂಡು, ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯಲ್ಲಿರಿಸಿತು. ಗೋಡೆಗಾಗಿ ಹುಟ್ಟಿದ ಕೃತಿ ಗೋಡೆಯನ್ನು ತಪ್ಪಿಸಿಕೊಂಡುದರಿಂದಲೇ ನಮ್ಮ ಕೈಸೇರಿತು. ಪ್ರದರ್ಶನಕ್ಕೂ ರಕ್ಷಣೆಗೂ ಇರುವ ವಿರೋಧವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ವಿರಳ.

ಈ ವಿರೋಧಕ್ಕೆ ಜಪಾನಿನ ತೂಗುಸುರುಳಿ ಬೇರೊಂದು ಪರಿಹಾರವನ್ನು ಸೂಚಿಸುತ್ತದೆ. ಅಲ್ಲಿ ಚಿತ್ರದ ಹಿಂಬದಿಗೆ ಗೋಧಿಯ ಪಿಷ್ಟದ ಅಂಟಿನಿಂದ ತೆಳುಕಾಗದದ ಪದರಗಳನ್ನು ಕೊಡುತ್ತಾರೆ. ಸುತ್ತಲೂ ರೇಷ್ಮೆ ಬಟ್ಟೆಯ ಅಂಚು, ಕೆಳಗೆ ಭಾರಕ್ಕೊಂದು ಮರದ ದಂಡ. ಗಾಜೂ ಇಲ್ಲ, ಚೌಕಟ್ಟೂ ಇಲ್ಲ. ಋತುವಿಗೆ ತಕ್ಕ ಚಿತ್ರವನ್ನು ಕೆಲವು ಕಾಲ ತೂಗುಹಾಕಿ, ಅನಂತರ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಇಲ್ಲಿ ರಕ್ಷಣೆಯ ಮುಖ್ಯ ಸಾಧನ ಕಾಲದ ಮಿತಿ. ಪಿಷ್ಟದ ಅಂಟು ನೀರಿಗೆ ಬಿಡುವುದರಿಂದ, ಹಳೆಯ ಪದರಗಳನ್ನು ತೆಗೆದು ಹೊಸವನ್ನು ಕೊಡಲು ಮುಂದಿನ ತಲೆಮಾರಿನ ಕುಶಲಕರ್ಮಿಗೂ ಸಾಧ್ಯ.

ಆಧುನಿಕರ ಒಲವು ಇದಕ್ಕೆ ಪ್ರತಿಕೂಲವಾದುದು. ದೊಡ್ಡ ಛಾಯಾಚಿತ್ರದ ಮುಖವನ್ನೇ ಅಕ್ರಿಲಿಕ್ ಹಲಗೆಗೆ ಸಿಲಿಕೋನಿನಿಂದ ಬೆಸೆದು, ಬೆನ್ನಿಗೆ ಅಲ್ಯೂಮಿನಿಯಮ್ ಹಲಗೆ ಕೊಡುವ ಪದ್ಧತಿ ಆಂಡ್ರಿಯಾಸ್ ಗುರ್ಸ್ಕಿ ಮೊದಲಾದವರ ಕೃತಿಗಳಿಂದ ಪ್ರಸಿದ್ಧವಾಯಿತು. ಇದರಿಂದ ಬಣ್ಣಕ್ಕೆ ಆಳ ಬರುತ್ತದೆ, ಹಾಳೆ ಸಮತಲವಾಗಿ ನಿಲ್ಲುತ್ತದೆ; ಚೌಕಟ್ಟನ್ನು ಬಿಟ್ಟರೂ ನಡೆಯುತ್ತದೆ. ಆದರೆ ಅಕ್ರಿಲಿಕ್ ಸುಲಭವಾಗಿ ಗೀರುಬೀಳುವ ವಸ್ತು; ಚಿತ್ರವನ್ನು ಅದರಿಂದ ಹಾನಿಯಿಲ್ಲದೆ ಬಿಡಿಸುವುದು ಅಸಾಧ್ಯಪ್ರಾಯ. ಹೊದಿಕೆಗೆ ಬಿದ್ದ ಪೆಟ್ಟು ಕೃತಿಗೇ ಬಿದ್ದ ಪೆಟ್ಟಾಗುತ್ತದೆ. ಇದಕ್ಕೆ ವಿರುದ್ಧವಾಗಿ, 2000ದಲ್ಲಿ ಟರ್ನರ್ ಪ್ರಶಸ್ತಿ ಪಡೆದ ವೊಲ್ಫ್‌ಗಾಂಗ್ ಟಿಲ್‌ಮನ್ಸ್ ದೊಡ್ಡ ಮುದ್ರಣಗಳನ್ನು ಬರಿಯ ಕ್ಲಿಪ್ಪುಗಳಿಂದ ತೂಗುಹಾಕಿದ. ಹಾಳೆ ಹಾಳೆಯಾಗಿಯೇ ಕಾಣುವ ಆ ಪ್ರಾಮಾಣಿಕತೆ ನಮಗೆ ಮೆಚ್ಚಿಗೆಯಾದುದು. ಆದರೆ ಮರಳಿ ಮುದ್ರಿಸಬಲ್ಲ ಚಿತ್ರಕ್ಕೆ ಸಲ್ಲುವ ಈ ಸ್ವಾತಂತ್ರ್ಯ ಡ್ಯೂರರನ ಹಾಳೆಗೆ ಸಲ್ಲದು.

ಹಾಗಾದರೆ ವಿವೇಕದ ಮಾರ್ಗ ಯಾವುದು? ಚೌಕಟ್ಟು ಬರಿಯ ಅಲಂಕಾರವಲ್ಲ. ಹಾಳೆಯನ್ನು ಸಮತಲವಾಗಿಡುವುದು, ಅಂಚನ್ನು ಕಾಯುವುದು, ಗಾಜಿನ ಮೂಲಕ ಧೂಳನ್ನೂ ಕೈಗಳನ್ನೂ ದೂರವಿಡುವುದು ಅದರ ಕೆಲಸ. ಅದನ್ನು ತೆಗೆದವರು ಈ ಕೆಲಸಗಳನ್ನು ಬೇರೆ ಯಾವುದಕ್ಕಾದರೂ ವಹಿಸಲೇಬೇಕು. ಹಿಂಬದಿಗೆ ಆಮ್ಲರಹಿತ ಕಾಗದದ ಪದರ, ಮೇಲಂಚಿನ ಉದ್ದಕ್ಕೂ ಜಪಾನೀ ತೆಳುಕಾಗದದ ಪಟ್ಟಿಗಳು, ತೂತು ಮಾಡದೆ ಹಿಡಿಯುವ ಅಯಸ್ಕಾಂತಗಳು, ಹೊರಗೋಡೆಯ ತೇವ ತಾಗದಂತೆ ನಡುವೆ ಒಂದು ಹಲಗೆ, ನೋಡುವವರಿಗೊಂದು ತಡೆಗಂಬಿ, ಸುಮಾರು 50 ಲಕ್ಸ್ ಮೀರದ ಬೆಳಕು, ಪ್ರದರ್ಶನಕ್ಕೊಂದು ಅವಧಿ—ಇವು ಒಟ್ಟಾಗಿ ಚೌಕಟ್ಟಿನ ಸ್ಥಾನವನ್ನು ತುಂಬಬಲ್ಲುವು. ಬೆಳಕಿನ ಹಾನಿ ದಿನದಿನಕ್ಕೂ ಕೂಡುತ್ತ ಹೋಗುವುದೇ ಹೊರತು ಕತ್ತಲೆಯಲ್ಲಿಟ್ಟರೆ ಮಾಯುವಂಥದಲ್ಲ. ಇಂದು ಮಾಡಿದ್ದನ್ನು ನಾಳೆ ಬಿಡಿಸಲು ಬರಬೇಕೆಂಬುದೇ ಇವೆಲ್ಲಕ್ಕೂ ಮೂಲಸೂತ್ರ.

ಈ ಚರ್ಚೆ ನಮ್ಮ ವಿದ್ಯಾರ್ಥಿಗಳಿಗೆ ದೂರದ್ದೆಂದು ತೋರಬಾರದು. ಶಾಸನದ ಪಡಿಯಚ್ಚೂ ಒಂದು ಬೃಹತ್ ಮುದ್ರಣವೇ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ತಟ್ಟಿ ತೆಗೆದ ಆ ಹಾಳೆಯಲ್ಲಿ ಮಸಿಯಷ್ಟೇ ಅಲ್ಲ, ಅಕ್ಷರದ ತಗ್ಗೂ ಉಳಿದಿರುತ್ತದೆ. ಹಲಗೆಗೆ ಗಟ್ಟಿಯಾಗಿ ಅಂಟಿಸಿದರೆ ಆ ತಗ್ಗು ಚಪ್ಪಟೆಯಾಗುತ್ತದೆ. ಮೊಳೆ ಹೊಡೆದರೆ ಅಂಚು ಹರಿಯುತ್ತದೆ. ಕಲ್ಲು ಸವೆದುಹೋದ ಮೇಲೆ ಪಾಠನಿರ್ಣಯಕ್ಕೆ ಆ ಹಾಳೆಯೇ ಆಧಾರವಾಗಬಹುದು. ಆದುದರಿಂದ ಹಾಳೆಯನ್ನು ಹೇಗೆ ತೂಗುಹಾಕಿದೆ ಎಂದು ಕೇಳುವುದು ವಿಮರ್ಶಕನ ಘನತೆಗೆ ಕುಂದಲ್ಲ. ಅದು ಅವನ ಮೊದಲ ಪ್ರಶ್ನೆಗಳಲ್ಲಿ ಒಂದಾಗಬೇಕೆಂದು ನಾವು ಭಾವಿಸುತ್ತೇವೆ.