ಮುರಿದ ಸ್ಟಡ್ಡು, ಮುಗಿಯದ ರಿಪೇರಿ

ಹಳೆಯ ಜೀಪಿನ ಚಕ್ರದ ಸ್ಟಡ್ ಮುರಿದರೆ ನಮ್ಮ ಮಲೆನಾಡಿನ ಗ್ಯಾರೇಜುಗಳಲ್ಲಿ ಅದನ್ನು ಬದಲಿಸುವ ಕ್ರಮ ಹೆಚ್ಚುಕಡಿಮೆ ಒಂದೇ. ಜಾಕಿ ಕೊಟ್ಟು ಚಕ್ರ ಬಿಚ್ಚುತ್ತಾರೆ. ಉಳಿದ ತುಂಡನ್ನು ಸುತ್ತಿಗೆಯಿಂದ ಹಿಂದಕ್ಕೆ ಹೊಡೆದು ಬೀಳಿಸುತ್ತಾರೆ. ಅಂಗಡಿಯಿಂದ ಹೊಸದೊಂದು ಸ್ಟಡ್ ತರಿಸಿ, ಅದೇ ತೂತಿಗೆ ತೂರಿಸಿ, ನಟ್ ಹಾಕಿ ಎಳೆಯುತ್ತಾರೆ. ಸ್ಟಡ್ ತೂತಿನಲ್ಲಿ ನಿಲ್ಲದೆ ಸುತ್ತಿಕೊಂಡರೆ ಅದರ ತಲೆಗೆ ಎರಡು ಕಡೆ ವೆಲ್ಡಿಂಗ್. ಅರ್ಧ ಗಂಟೆಯೊಳಗೆ ಗಾಡಿ ರಸ್ತೆಗೆ. ಈ ಕೆಲಸದಲ್ಲಿ ಕೈಚಳಕವಿದೆ, ವೇಗವಿದೆ, ಗಿರಾಕಿಯ ಅವಸರದ ಅರಿವೂ ಇದೆ. ಆದರೂ ಇದನ್ನು ರಿಪೇರಿ ಎಂದು ಒಪ್ಪಲು ನನಗೆ ಮನಸ್ಸಿಲ್ಲ. ಸ್ಟಡ್ ಯಾಕೆ ಮುರಿಯಿತು ಎಂಬ ಪ್ರಶ್ನೆ ಇಡೀ ಕ್ರಮದಲ್ಲಿ ಎಲ್ಲೂ ಏಳುವುದೇ ಇಲ್ಲ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಮಹೀಂದ್ರ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದ ಮೇಲೆ ಆ ವಂಶದ ಗಾಡಿಗಳು ಕಾಫಿ ತೋಟಗಳಿಗೂ ಅಡಿಕೆ ತೋಟಗಳಿಗೂ ಇಳಿದುಬಂದವು. ಕೊಡಚಾದ್ರಿ ಬೆಟ್ಟಕ್ಕೆ ಯಾತ್ರಿಕರನ್ನು ಹೊರುವುದು ಜೀಪು, ಮಡಿಕೇರಿ ಕಡೆಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಏರಿಸುವುದೂ ಜೀಪು. ಸಕಲೇಶಪುರದ ತೋಟಗಳಲ್ಲಿ ಗೊಬ್ಬರದ ಮೂಟೆ, ಆಳುಕಾಳು, ಗ್ಯಾಸ್ ಸಿಲಿಂಡರು ಎಲ್ಲಕ್ಕೂ ಅದೇ ಗತಿ. ಒಂದೊಂದು ಚಕ್ರವನ್ನು ಅಚ್ಚಿನ ತುದಿಯ ಹಬ್ಬಿಗೆ ಹಿಡಿದಿರುವುದು ಐದು ಸ್ಟಡ್‌ಗಳು. ಒಂದೊಂದರ ದಪ್ಪ ಅರ್ಧ ಇಂಚು. ಜನ ಕೂತ ಜೀಪು ಕಲ್ಲಿನ ಏರಿನಲ್ಲಿ ಒಂದು ಕಡೆ ವಾಲಿದಾಗ ನಮ್ಮ ಭರವಸೆಯೆಲ್ಲ ಆ ಅರ್ಧ ಇಂಚಿನ ಮೇಲೆ.

ಸ್ಟಡ್‌ಗಳು ಗೂಟಗಳಂತೆ ನಿಂತು ಚಕ್ರವನ್ನು ಹೊತ್ತಿವೆ ಎಂದು ತುಂಬಾ ಜನ ತಿಳಿದಿದ್ದಾರೆ. ತಪ್ಪು ರಿಪೇರಿಯ ಮೂಲ ಈ ತಿಳಿವಳಿಕೆಯಲ್ಲೇ ಇದೆ. ನಟ್ ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಚಕ್ರದ ತಗಡನ್ನು ಬ್ರೇಕ್ ಡ್ರಮ್ಮಿನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಭಾರ ಹೊರುವುದು ಆ ಎರಡು ಮುಖಗಳ ನಡುವಿನ ಘರ್ಷಣೆ. ಅರ್ಧ ಇಂಚಿನ ಸ್ಟಡ್ಡಿಗೆ ಸುಮಾರು 100 ನ್ಯೂಟನ್ ಮೀಟರ್ ಬಿಗಿ ಕೊಟ್ಟರೆ ಒಂದು ಸ್ಟಡ್ ಹತ್ತಿರಹತ್ತಿರ ನಾಲ್ಕು ಟನ್ ಬಲದಿಂದ ಒತ್ತುತ್ತದೆ. ಐದೂ ಸೇರಿದರೆ ಇಪ್ಪತ್ತು ಟನ್. ಈ ಒತ್ತಡ ಇರುವತನಕ ಸ್ಟಡ್ಡಿಗೆ ಬಾಗುವ ಪ್ರಮೇಯವೇ ಬರುವುದಿಲ್ಲ. ಒತ್ತಡ ಹೋಯಿತೆಂದರೆ ಚಕ್ರ ಡ್ರಮ್ಮಿನ ಮೇಲೆ ಜಾರತೊಡಗುತ್ತದೆ, ಪ್ರತಿ ಸುತ್ತಿಗೂ ಸ್ಟಡ್ ಅತ್ತ ಇತ್ತ ಬಾಗುತ್ತದೆ. ಹದಿನಾರು ಇಂಚಿನ ಹಳೇ ಜೀಪ್ ಟೈರು ಒಂದು ಕಿಲೋಮೀಟರಿಗೆ ಸುಮಾರು 440 ಸುತ್ತು ಹೊಡೆಯುತ್ತದೆ. ತೋಟದಿಂದ ಪೇಟೆಗೆ ಹೋಗಿಬರುವ ಮೂವತ್ತು ಕಿಲೋಮೀಟರಿನಲ್ಲಿ ಆ ಸ್ಟಡ್ ಹದಿಮೂರು ಸಾವಿರ ಸಲ ಬಾಗಿರುತ್ತದೆ. ಯಾವ ಉಕ್ಕು ತಾನೇ ಎಷ್ಟು ದಿನ ತಡೆದೀತು?

‘ಒಂದು ಮುರಿದ್ರೆ ಏನಾಯ್ತು ಮಾರಾಯ್ರೆ, ಇನ್ನೂ ನಾಲ್ಕು ಉಂಟಲ್ಲ’ ಎಂಬ ಸಮಾಧಾನ ನಿಲ್ಲದಿರುವುದು ಇದೇ ಕಾರಣಕ್ಕೆ. ಘಾಟಿಯಲ್ಲಿ ಸಿಕ್ಕಿಬಿದ್ದಾಗ ಉಳಿದ ನಾಲ್ಕು ನಟ್‌ಗಳನ್ನು ಬಿಗಿದು, ಭಾರ ಇಳಿಸಿ, ನಿಧಾನವಾಗಿ ಊರು ಸೇರುವುದು ಸರಿಯಾದ ನಿರ್ಧಾರವೇ. ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ಮರುದಿನದ್ದು. ಒಂದು ಸ್ಟಡ್ ಹೋದ ಕ್ಷಣದಿಂದ ಅದರ ಎಡಬಲದ ಎರಡು ಸ್ಟಡ್‌ಗಳು ಅದರ ಪಾಲನ್ನೂ ಹೊತ್ತಿರುತ್ತವೆ. ಮುರಿದದ್ದನ್ನು ಮಾತ್ರ ಬದಲಿಸಿದರೆ ಹೊಸತೊಂದು, ದಣಿದವು ನಾಲ್ಕು. ಮುಂದಿನದು ಮುರಿಯುವುದು ಅಕ್ಕಪಕ್ಕದಲ್ಲೇ. ಐದು ಸ್ಟಡ್‌ಗಳ ಬೆಲೆ ಒಂದು ಟೈರಿನ ಬೆಲೆಯ ಸಣ್ಣ ಪಾಲು. ಹಬ್ ಬಿಚ್ಚುವ ಕೂಲಿ ಒಂದಕ್ಕೂ ಅಷ್ಟೇ, ಐದಕ್ಕೂ ಅಷ್ಟೇ. ಇಲ್ಲಿ ಉಳಿತಾಯ ಮಾಡುವುದರಲ್ಲಿ ಯಾವ ಜಾಣತನವೂ ಇಲ್ಲ.

ಮುರಿದ ತುಂಡನ್ನು ಗ್ಯಾರೇಜಿನ ಮೂಲೆಗೆ ಎಸೆಯುವ ಮುನ್ನ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಬೇಕು. ಕೆಲವು ಸಲ ಮುರಿದ ಮುಖದ ಬಹುಭಾಗ ನಯವಾಗಿ, ತುಕ್ಕಿನಿಂದ ಕಂದಾಗಿ, ಅದರ ಮೇಲೆ ಒಂದು ಅಂಚಿನಿಂದ ಹೊರಟ ಬಾಗಿದ ಗೆರೆಗಳು ಸಾಲಾಗಿ ಕಾಣುತ್ತವೆ. ಎದುರು ಅಂಚಿನಲ್ಲಿ ಮಾತ್ರ ಹೊಳೆಯುವ, ಹರಳು ಹರಳಾದ ಸಣ್ಣ ತುಣುಕು. ಇದು ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಸೀಳಿ, ಕೊನೆಯ ತುಣುಕು ಒಮ್ಮೆಲೇ ಕಿತ್ತುಕೊಂಡ ಸ್ಟಡ್. ಅಂದರೆ ನಟ್ ಸಡಿಲವಿತ್ತು, ಇಲ್ಲವೇ ಚಕ್ರ ಮತ್ತು ಡ್ರಮ್ಮಿನ ನಡುವೆ ಮಣ್ಣೋ ದಪ್ಪ ಪೇಂಟೋ ಸಿಕ್ಕಿಕೊಂಡು ಒತ್ತಡ ಕಳೆದುಹೋಗಿತ್ತು. ಇಂಥ ಚಕ್ರದ ತೂತುಗಳನ್ನೂ ನೋಡಿ. ದುಂಡಗಿರಬೇಕಾದವು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ಚಕ್ರಕ್ಕೆ ಎಷ್ಟು ಒಳ್ಳೆಯ ಸ್ಟಡ್ ಹಾಕಿದರೂ ಪ್ರಯೋಜನವಿಲ್ಲ. ಇದಕ್ಕೆ ಬದಲು ಮುರಿದ ಜಾಗದಲ್ಲಿ ಸ್ಟಡ್ಡಿನ ಕತ್ತು ಸಣ್ಣಗಾಗಿ ಥ್ರೆಡ್‌ಗಳು ಎಳೆದುಕೊಂಡಿದ್ದರೆ, ಅಥವಾ ಮುಖದ ತುಂಬ ತಿರುಚಿದ ಸುಳಿ ಇದ್ದರೆ, ಅದನ್ನು ಮುರಿದದ್ದು ರಸ್ತೆಯಲ್ಲ, ಸ್ಪ್ಯಾನರು. ಎರಡಕ್ಕೂ ಮದ್ದು ಬೇರೆ ಬೇರೆ. ಈ ಒಂದು ನಿಮಿಷದ ನೋಟ ನಮ್ಮ ಪದ್ಧತಿಯಲ್ಲಿ ಇಲ್ಲದಿರುವುದೇ ಅದರ ದೊಡ್ಡ ಕೊರತೆ ಎಂದು ನನಗನ್ನಿಸುತ್ತದೆ. ಮುರಿಯದೆ ಉಳಿದವನ್ನು ಪರೀಕ್ಷಿಸುವುದಕ್ಕೂ ಸುಲಭ ದಾರಿಯಿದೆ. ಹೊಸ ಸ್ಟಡ್ಡನ್ನು ಹಳೆಯದರ ಪಕ್ಕ ಥ್ರೆಡ್ಡಿಗೆ ಥ್ರೆಡ್ ಕೂರುವಂತೆ ಒತ್ತಿ ಹಿಡಿದು ಬೆಳಕಿಗೆ ತಿರುಗಿಸಿದರೆ ಹಿಗ್ಗಿದ್ದು ತಕ್ಷಣ ಗೊತ್ತಾಗುತ್ತದೆ. ಹಲ್ಲಿಗೆ ಹಲ್ಲು ಕೂರುವುದಿಲ್ಲ, ನಡುವೆ ಬೆಳಕು ತೂರುತ್ತದೆ.

ಈಗ ಸುತ್ತಿಗೆಯ ವಿಷಯ. ಹಳೆಯ ವಿಲ್ಲಿಸ್ ಮಾದರಿಯ ಹಬ್ಬಿನಲ್ಲಿ ಸ್ಟಡ್ ಎರಡು ರೀತಿಯಲ್ಲಿ ಹಿಡಿದಿರುತ್ತದೆ. ಅದರ ಕತ್ತಿನ ಸುತ್ತ ಇರುವ ಸಣ್ಣ ಹಲ್ಲುಗಳು ಹಬ್ಬಿನ ತೂತಿನ ಗೋಡೆಗೆ ಕಚ್ಚಿಕೊಂಡಿರುತ್ತವೆ. ಜೊತೆಗೆ ಡ್ರಮ್ಮಿನ ಹೊರಮುಖದಲ್ಲಿ ಸ್ಟಡ್ಡಿನ ಭುಜವನ್ನು ಒತ್ತಿ ಅರಳಿಸಿರುತ್ತಾರೆ. ಡ್ರಮ್ಮನ್ನು ಹಬ್ಬಿಗೆ ಕಾಯಂ ಆಗಿ ಕೂರಿಸುವುದು ಆ ಅರಳಿದ ಅಂಚು. ಡ್ರಮ್ ಸುಲಭವಾಗಿ ಜಾರಿ ಬರುವ ನಂತರದ ಹಬ್‌ಗಳಲ್ಲಿ ಈ ಅಂಚಿಲ್ಲ, ಬರೀ ಹಲ್ಲುಗಳ ಬಿಗಿ. ಹಳೆಯದಕ್ಕೂ ಹೊಸದಕ್ಕೂ ಒಂದೇ ಸುತ್ತಿಗೆ ಎಂದುಕೊಂಡಾಗ ಅನಾಹುತ ಆಗುತ್ತದೆ. ಅರಳಿದ ಅಂಚನ್ನು ಮೊದಲು ಕತ್ತರಿಸದೆ ಸ್ಟಡ್ಡನ್ನು ಹಿಂದಕ್ಕೆ ಹೊಡೆದರೆ ಆ ಅಂಚು ಡ್ರಮ್ಮಿನ ತೂತನ್ನೂ ಹಬ್ಬಿನ ತೂತನ್ನೂ ಹಿಗ್ಗಿಸಿಕೊಂಡೇ ಹೊರಬರುತ್ತದೆ. ಆಮೇಲೆ ಹೊಸ ಸ್ಟಡ್ಡಿನ ಹಲ್ಲಿಗೆ ಕಚ್ಚಲು ಗೋಡೆಯೇ ಇಲ್ಲ. ನಟ್ ಬಿಗಿಯುವಾಗ ನಟ್ಟಿನ ಜೊತೆ ಸ್ಟಡ್ಡೂ ಸುತ್ತುತ್ತದೆ. ಸರಿಯಾದ ದಾರಿ ಎಂದರೆ ಸ್ಟಡ್ಡಿನ ಮೇಲೆ ಕೂರುವ ಟೊಳ್ಳು ಕಟರಿನಿಂದ ಅಂಚನ್ನು ತೆಗೆದು, ಹಬ್ಬನ್ನು ಪ್ರೆಸ್ಸಿನಡಿ ಇಟ್ಟು, ತೂತಿನ ಸುತ್ತ ಆಧಾರ ಕೊಟ್ಟು ಒತ್ತುವುದು. ಕಟರ್ ಇಲ್ಲದ ಕಡೆ ಗ್ರೈಂಡರಿನಿಂದ ಅಂಚನ್ನು ಎಚ್ಚರಿಕೆಯಿಂದ ಸವೆಸಿದರೂ ನಡೆದೀತು. ಲೇತ್ ಇರುವ ವರ್ಕ್‌ಶಾಪುಗಳಲ್ಲಿ ಈ ಕೆಲಸವನ್ನು ಶ್ರದ್ಧೆಯಿಂದ ಮಾಡುವ ಹಿರಿಯ ಮೇಸ್ತ್ರಿಗಳು ಈಗಲೂ ಇದ್ದಾರೆ. ಗಾಡಿಯಲ್ಲೇ ಹಬ್ ಬಿಟ್ಟು ಸುತ್ತಿಗೆ ಬೀಸಿದರೆ ಇನ್ನೊಂದು ನಷ್ಟವಿದೆ. ಪ್ರತಿ ಏಟೂ ಒಳಗಿನ ಬೇರಿಂಗಿಗೆ ಬೀಳುತ್ತದೆ, ಅದರ ಓಟದ ದಾರಿಯಲ್ಲಿ ಸಣ್ಣ ಗುಳಿಗಳಾಗುತ್ತವೆ. ಆರು ತಿಂಗಳ ನಂತರ ಬೇರಿಂಗ್ ಗುಂಯ್‌ಗುಟ್ಟಿದಾಗ ಅದಕ್ಕೂ ಸ್ಟಡ್ಡಿಗೂ ಸಂಬಂಧ ಕಲ್ಪಿಸುವವರು ಯಾರೂ ಇರುವುದಿಲ್ಲ.

ವೆಲ್ಡಿಂಗ್ ಬಗ್ಗೆ ನನ್ನ ಮಾತು ಖಡಾಖಂಡಿತ. ಚಕ್ರದ ಸ್ಟಡ್ಡಿಗೆ ವೆಲ್ಡಿಂಗ್ ಬೇಡವೇ ಬೇಡ. ಕಾಯಿಸಿ ತಣಿಸಿ ಹದಗೊಳಿಸಿದ ಉಕ್ಕು ಅದು. ವೆಲ್ಡಿಂಗಿನ ಕಾವು ಆ ಹದವನ್ನು ಕೆಡಿಸುತ್ತದೆ. ಬೆಸುಗೆಯ ಅಂಚಿನಲ್ಲಿ ಲೋಹ ಪೆಡಸಾಗುತ್ತದೆ, ಅದರಾಚೆ ಮೆತ್ತಗಾಗುತ್ತದೆ. ಮುಂದಿನ ಬಿರುಕು ಹುಟ್ಟುವುದು ಅಲ್ಲೇ. ಹಬ್ ಗಾಡಿಯಲ್ಲಿರುವಾಗಲೇ ವೆಲ್ಡ್ ಮಾಡಿದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅದನ್ನೂ ಸುಡಬಹುದು, ಗ್ರೀಸೂ ಕರಗಿ ಹೋಗುತ್ತದೆ. ತೂತು ಹಿಗ್ಗಿದ ಹಬ್ಬಿಗೆ ಎರಡೇ ಮರ್ಯಾದೆಯ ದಾರಿ: ಆ ತೂತಿಗೆ ಸರಿಹೊಂದುವ ದಪ್ಪ ಕತ್ತಿನ ಸ್ಟಡ್ ಸಿಕ್ಕರೆ ಅದನ್ನು ಪ್ರೆಸ್ ಮಾಡಿಸುವುದು, ಸಿಗದಿದ್ದರೆ ಹಬ್ಬನ್ನೇ ಬದಲಿಸುವುದು.

ನಟ್ ಬಿಗಿದು ಹೊಸ ಸ್ಟಡ್ಡನ್ನು ಒಳಗೆಳೆಯುವ ವಿಧಾನವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಪ್ರೆಸ್ ಸಿಗದ ಊರಿನಲ್ಲಿ, ದಪ್ಪ ವಾಷರುಗಳನ್ನು ಜೋಡಿಸಿ, ನಡುವೆ ಚೂರು ಗ್ರೀಸ್ ಸವರಿ, ಬೇರೊಂದು ಹಳೆಯ ನಟ್ಟಿನಿಂದ ನಿಧಾನಕ್ಕೆ ಎಳೆದರೆ ಸ್ಟಡ್ ನೆಟ್ಟಗೆ ಕೂರುತ್ತದೆ. ಆದರೆ ಚಕ್ರವನ್ನೇ ಹಾಕಿ, ಅದರ ನಟ್ಟಿನಿಂದಲೇ ಎಳೆಯುವುದು ತಪ್ಪು. ಸ್ಟಡ್ಡಿನ ತಲೆ ಹಬ್ಬಿಗೆ ಪೂರ್ತಿ ಕೂತಿಲ್ಲದಿದ್ದರೂ ನಟ್ ಬಿಗಿಯಾದಂತೆ ಅನಿಸುತ್ತದೆ. ನಾಲ್ಕು ಗುಂಡಿ ಹಾರಿದ ಮೇಲೆ ತಲೆ ಒಳಸರಿಯುತ್ತದೆ, ಬಿಗಿ ಹೋಗುತ್ತದೆ. ತಲೆ ಕೂತಿದೆಯೇ ಎಂದು ಹಬ್ಬಿನ ಹಿಂಭಾಗದಲ್ಲಿ ಕಣ್ಣಿಂದ ನೋಡದೆ ಚಕ್ರ ಏರಿಸಬಾರದು.

ಲೇತಿನಲ್ಲಿ ಕಡೆದ ಸ್ಟಡ್ ಕೊಡುವ ಅಂಗಡಿಗಳೂ ಇವೆ. ಅಳತೆ ಕರಾರುವಾಕ್ಕು, ಥ್ರೆಡ್ ನೋಡಲು ಚೆಂದ. ಆದರೆ ಕಡೆದದ್ದು ಯಾವ ಸರಳಿನಿಂದ? ಚಕ್ರದ ಸ್ಟಡ್‌ಗಳು ಸಾಮಾನ್ಯವಾಗಿ 10.9 ದರ್ಜೆಯವು, ಅವು ಶಾಶ್ವತವಾಗಿ ಹಿಗ್ಗಲು ಚದರ ಮಿಲಿಮೀಟರಿಗೆ 900 ನ್ಯೂಟನ್ ಬೇಕು. ಸಾದಾ ಕಬ್ಬಿಣದ ಸರಳಿಗೆ 240 ಸಾಕು. ಸರಿಯಾಗಿ ಬಿಗಿದಾಗ ಅರ್ಧ ಇಂಚಿನ ಸ್ಟಡ್ಡಿನ ಮೇಲೆ ಬರುವ ಒತ್ತಡವೇ ಸುಮಾರು 380. ಅಂದರೆ ಸಾದಾ ಸರಳಿನ ಸ್ಟಡ್ ಮೊದಲ ಬಿಗಿಗೇ ಶಾಶ್ವತವಾಗಿ ಹಿಗ್ಗಿ ಬಿಗಿ ಹಿಡಿಯದಾಗುತ್ತದೆ. ಅಲ್ಲಿಂದ ಮುಂದೆ ಏನಾಗುತ್ತದೆಂದು ಮೇಲೆಯೇ ಹೇಳಿದ್ದೇನೆ.

ಹಳೆಯ ಜೀಪುಗಳದ್ದೇ ಆದ ಒಂದು ತೊಡಕು ಉಲ್ಟಾ ಥ್ರೆಡ್. ವಿಲ್ಲಿಸ್ ಗಾಡಿಗಳಲ್ಲಿ ಎಡಗಡೆಯ ಚಕ್ರಗಳ ಸ್ಟಡ್‌ಗಳಿಗೆ ಉಲ್ಟಾ ಥ್ರೆಡ್ ಇರುತ್ತಿತ್ತು. ಗಾಡಿ ಮುಂದೆ ಓಡುವಾಗ ಎಡಬದಿಯ ನಟ್ ತಾನಾಗಿ ಬಿಚ್ಚಿಕೊಳ್ಳದಿರಲಿ ಎಂಬುದು ಉದ್ದೇಶ. ಈಗಿನ ಗಾಡಿಗಳಲ್ಲಿ ಅದನ್ನು ಬಿಟ್ಟಿದ್ದಾರೆ. ಸರಿಯಾಗಿ ಬಿಗಿದ ಕೋನ್ ನಟ್ಟಿಗೆ ಅದು ಬೇಕಾಗಿಲ್ಲ. ಉಲ್ಟಾ ಸ್ಟಡ್ ಅಂಗಡಿಯಲ್ಲಿ ಸಿಗದಾದಾಗ ಐದರಲ್ಲಿ ಒಂದಕ್ಕೆ ಸುಲ್ಟಾ ಹಾಕಿಬಿಡುತ್ತಾರೆ. ಎಡಚಕ್ರದಲ್ಲಿ ನಾಲ್ಕು ನಟ್ ಒಂದು ಕಡೆಗೆ, ಒಂದು ಇನ್ನೊಂದು ಕಡೆಗೆ. ಮುಂದೆ ಕತ್ತಲಲ್ಲಿ, ಮಳೆಯಲ್ಲಿ ಪಂಕ್ಚರ್ ಆದಾಗ ಗಾಡಿಯ ಗುಟ್ಟು ಗೊತ್ತಿಲ್ಲದ ಡ್ರೈವರು ಬಿಚ್ಚುತ್ತಿದ್ದೇನೆಂದು ನಂಬಿ ಬಿಗಿಯುತ್ತಲೇ ಹೋಗುತ್ತಾನೆ. ನಟ್ ಜಗ್ಗದಿದ್ದಾಗ ಸ್ಪ್ಯಾನರಿಗೆ ಪೈಪ್ ತೂರಿಸಿ ಮೇಲೆ ಹತ್ತಿ ನಿಲ್ಲುತ್ತಾನೆ. ಬದಲಿಸುವುದಾದರೆ ಎಡಬದಿಯ ಎರಡೂ ಚಕ್ರಗಳಿಗೆ ಹತ್ತಕ್ಕೆ ಹತ್ತೂ ಬದಲಿಸಬೇಕು, ನಟ್‌ಗಳನ್ನೂ ಸೇರಿಸಿ. ಅರ್ಧಂಬರ್ಧ ಬದಲಾವಣೆಯಷ್ಟು ಅಪಾಯ ಇನ್ನೊಂದಿಲ್ಲ.

ಪೈಪಿನ ಮಾತು ಬಂತು. ಎಪ್ಪತ್ತು ಕಿಲೋ ತೂಕದ ಮನುಷ್ಯ ಒಂದು ಮೀಟರ್ ಪೈಪಿನ ತುದಿಯಲ್ಲಿ ನಿಂತರೆ ನಟ್ಟಿನ ಮೇಲೆ ಬೀಳುವುದು ಸುಮಾರು 690 ನ್ಯೂಟನ್ ಮೀಟರ್, ಬೇಕಾದ್ದಕ್ಕಿಂತ ಏಳು ಪಟ್ಟು. ಒಳ್ಳೆಯ ಸ್ಟಡ್ಡೂ ಶಾಶ್ವತವಾಗಿ ಹಿಗ್ಗಲು ಅದರ ಮೂರರಲ್ಲೊಂದು ಪಾಲು ಸಾಕು. ತುಕ್ಕು ಹಿಡಿದ ನಟ್ ಬಿಚ್ಚಲು ಪೈಪ್ ಬೇಕಾದೀತು, ಒಪ್ಪೋಣ. ಬಿಗಿಯಲು ಪೈಪ್ ಹಾಕುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಟೈರ್ ಅಂಗಡಿಯಲ್ಲಿ ನಟ್ ಬಿಗಿಯುವ ಗನ್ ಕೂಡ ಇದೇ ಸಾಲಿಗೆ. ಕೊನೆಯ ಬಿಗಿಯನ್ನೂ ಅದರಲ್ಲೇ ಕೊಟ್ಟರೆ ಎಷ್ಟು ಬಿಗಿಯಾಯಿತೆಂದು ಹಿಡಿದವನಿಗೂ ತಿಳಿಯದು. ಮಲೆನಾಡಿನ ಮಳೆಗೆ ಹೆದರಿ ಥ್ರೆಡ್ಡಿಗೆ ಧಾರಾಳವಾಗಿ ಗ್ರೀಸ್ ಮೆತ್ತುವವರಿದ್ದಾರೆ. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಜಿಡ್ಡಿದ್ದಾಗ ಅದೇ ಬಿಗಿಗೆ ಸ್ಟಡ್ ಹೆಚ್ಚು ಹಿಗ್ಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಂತಿ ಬ್ರಷ್ಷಿನಿಂದ ಥ್ರೆಡ್ ತಿಕ್ಕಿ ಒಣಗಿಸಿ ಹಾಕುವುದೇ ಕ್ಷೇಮ. ನಟ್ಟಿನ ಕೋನ್ ಮುಖ ಚಕ್ರದ ಕಡೆಗೇ ಇರಲಿ, ಅದಕ್ಕೆ ಎಣ್ಣೆ ತಾಗದಿರಲಿ.

ಇಷ್ಟೆಲ್ಲ ಹೇಳಿ ಗ್ಯಾರೇಜಿನವರ ಮೇಲೆ ಮಾತ್ರ ಹೊರೆ ಹೊರಿಸಿದರೆ ಅನ್ಯಾಯವಾದೀತು. ಹಬ್ ಇಳಿಸಿ, ಪ್ರೆಸ್ಸಿಗೆ ಒಯ್ದು, ಬೇರಿಂಗಿಗೆ ಹೊಸ ಗ್ರೀಸ್ ತುಂಬಿ, ಮತ್ತೆ ಹದವಾಗಿ ಬಿಗಿದು ಕೊಡಲು ಅರ್ಧ ದಿನ ಬೇಕು. ಆ ಅರ್ಧ ದಿನದ ಕೂಲಿ ಕೊಡಲು ಹಿಂಜರಿಯುವವರು ಜೀಪಿನ ಮಾಲೀಕರಾದ ನಾವೇ. ಜೀಪಿಗೆ ಅಗಲದ ಟೈರು, ಹೊರಚಾಚಿದ ಡಿಸ್ಕು, ದಾರಿಯೆಲ್ಲ ಬೆಳಗುವ ದೀಪ ಹಾಕಿಸಲು ಹಿಂದೆಮುಂದೆ ನೋಡದವರು ಸ್ಟಡ್ ವಿಷಯಕ್ಕೆ ಬಂದಾಗ ಮಾತ್ರ ‘ಬೇಗ ಮುಗಿಸು’ ಎನ್ನುತ್ತೇವೆ. ಹೊರಚಾಚಿದ ಡಿಸ್ಕಿನಿಂದ ಆ ಸ್ಟಡ್‌ಗಳ ಮೇಲಿನ ಹೊರೆ ಇನ್ನೂ ಹೆಚ್ಚುತ್ತದೆ ಎಂದು ನಮಗೆ ಹೊಳೆಯುವುದೂ ಇಲ್ಲ.

ಹಾಗಾಗಿ ಹಳೇ ಜೀಪು ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇದು. ಸ್ಟಡ್ ಮುರಿದರೆ ಆ ಚಕ್ರದ ಐದನ್ನೂ ಬದಲಿಸಲು ಹೇಳಿ, ಮುರಿದ ತುಂಡನ್ನು ಕೇಳಿ ಪಡೆದು ನೋಡಿ, ಪ್ರೆಸ್ಸಿನ ಕೂಲಿಯನ್ನು ಚೌಕಾಸಿ ಇಲ್ಲದೆ ಕೊಡಿ. ಹೊಸ ಸ್ಟಡ್ ಹಾಕಿಸಿ ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಒಮ್ಮೆ ಗಾಡಿ ನಿಲ್ಲಿಸಿ, ಐದೂ ನಟ್‌ಗಳನ್ನು ಒಂದು ಬಿಟ್ಟು ಒಂದರ ಕ್ರಮದಲ್ಲಿ ಟಾರ್ಕ್ ರೆಂಚಿನಲ್ಲಿ ಮತ್ತೆ ಪರೀಕ್ಷಿಸಿ. ಹೊಸದಾಗಿ ಕೂತ ಸ್ಟಡ್ ಆ ಮೊದಲ ನೂರು ಕಿಲೋಮೀಟರಿನಲ್ಲೇ ಸಡಿಲಾಗುವುದು ಹೆಚ್ಚು.